ಚಂಚಿಯ ಮೂಲೆಯಲ್ಲಿದ್ದ ಬೆಂಕಿ

ನಮ್ಮ ತಾಳಿಕೋಟೆಯ ಕಲ್ಲು ಕಿಡಿ ಕೊಡುವುದಿಲ್ಲ. ಊರ ಸುತ್ತಿನ ಗಣಿಗಳಲ್ಲಿ ಪದರು ಪದರಾಗಿ ಏಳುವುದು ಸುಣ್ಣದಕಲ್ಲು. ಮನೆಯ ಹಾಸು, ಕಟ್ಟೆ, ದನದ ಗೋದಲಿ, ಬಚ್ಚಲ, ಎಲ್ಲಕ್ಕೂ ಅದೇ ಫರಸಿ. ಹಳೆಯ ಭೂವಿಜ್ಞಾನದ ಬರಹಗಳಲ್ಲಿ ಈ ಕಲ್ಲಿಗೆ ನಮ್ಮೂರಿನ ಹೆಸರೇ ಇದೆ. ನೋಡಲು ಚೆಂದ, ಬೇಸಿಗೆಯಲ್ಲಿ ಮಲಗಲು ತಂಪು, ಆದರೆ ಮೆದು. ಉಕ್ಕಿಗೆ ತಾಗಿಸಿದರೆ ಕಲ್ಲೇ ಪುಡಿಯಾಗುತ್ತದೆ, ಉಕ್ಕಿಗೆ ಏನೂ ಆಗುವುದಿಲ್ಲ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತಿದ್ದಲ್ಲ. ಚಿಕ್ಕವನಿದ್ದಾಗ ಮನೆಯ ಮುಂದಿನ ಫರಸಿಯ ಚೂರನ್ನು ಕುಡುಗೋಲಿನ ಬೆನ್ನಿಗೆ ಬಡಿದು ಬಡಿದು ಸೋತು ಕೂತಿದ್ದಾಗ ಒಬ್ಬ ಕುರಿಗಾರ ಮುತ್ಯಾ ಹೇಳಿದ್ದು: “ಆ ಕಲ್ಲು ಬ್ಯಾಡೋ ತಮ್ಮಾ, ಅದು ಮೆತ್ತಗ ಐತಿ. ಡೋಣ್ಯಾಗಿಂದು ತಾ.”

ಆ ಮುತ್ಯಾನನ್ನು ನಾನು ಎಷ್ಟೋ ವರ್ಷ ಮರೆತೇಬಿಟ್ಟಿದ್ದೆ. ಮತ್ತೆ ನೆನಪಾದದ್ದು ಕಳೆದ ಎಳ್ಳಮಾವಾಸ್ಯೆಗೆ. ತಮ್ಮನ ಮಗ ಬೆಂಗಳೂರಿನಿಂದ ಬಂದವನು ಕಿಸೆಯಿಂದ ಬೆರಳುದ್ದದ ಕಪ್ಪು ಸರಳೊಂದನ್ನು ತೆಗೆದ. ಅದರ ಜೊತೆಗೆ ದಾರದಲ್ಲಿ ಕಟ್ಟಿದ ಒಂದು ಉಕ್ಕಿನ ಪಟ್ಟಿ. ಇದಕ್ಕೆ ಫೈರ್‌ಸ್ಟೀಲ್ ಅನ್ನುತ್ತಾರೆ, ಗುಡ್ಡ ಹತ್ತಲು ಹೋಗುವ ಗೆಳೆಯರೆಲ್ಲ ಇಟ್ಟುಕೊಂಡಿರುತ್ತಾರೆ, ಮಳೆಯಲ್ಲಿ ನೆನೆದರೂ ಕೆಲಸ ಮಾಡುತ್ತದೆ ಎಂದ. ಪಟ್ಟಿಯಿಂದ ಸರಳನ್ನು ಕೆರೆದ ಕೂಡಲೇ ಬಿಳಿ ಕಿಡಿಗಳು ಧಾರಾಳವಾಗಿ ಸುರಿದವು. ಅಂಗಳದ ಬೇವಿನ ತರಗೆಲೆ ಗುಡ್ಡೆ ಹಾಕಿ ಕೆರೆದ, ಹತ್ತಲಿಲ್ಲ. ಔಷಧಿ ಅಂಗಡಿಯ ಹತ್ತಿಯ ಸುರುಳಿಯಿಂದ ಒಂದು ಮುದ್ದೆ ಕಿತ್ತು ಇಟ್ಟ, ಕಂದು ಚುಕ್ಕಿ ಬಿತ್ತೇ ಹೊರತು ಉರಿಯಲಿಲ್ಲ. ಹೊರಸಿನ ಮೇಲೆ ಕೂತಿದ್ದ ನಮ್ಮವ್ವ ಇದನ್ನೆಲ್ಲ ನೋಡುತ್ತಿದ್ದಳು. ತೊಂಬತ್ತರ ಹತ್ತಿರ ಬಂದಾಕೆ. ಕಣ್ಣು ಮಂಜು, ಕಿವಿ ಚುರುಕು.

“ಹಂಗ ಮುದ್ದಿ ಮಾಡಿ ಇಟ್ರ ಹೆಂಗ ಹತ್ತತೈತೋ? ಹಿಂಜು ಅದನ್ನ. ಗಾಳಿ ಒಳಗ ಹೋಗಬೇಕು.”

“ಆಯೀ, ನಿನಗ ಹೆಂಗ ಗೊತ್ತು?” ಎಂದ ಹುಡುಗ. ಅವ್ವ ಉತ್ತರ ಕೊಡಲಿಲ್ಲ. ಅವನು ಹತ್ತಿಯನ್ನು ಹಿಂಜಿ ಎಳೆ ಬಿಡಿಸಿ ಇಟ್ಟ. ಮುಂದಿನ ಕೆರೆತಕ್ಕೇ ಭಗ್ ಎಂದು ಹೊತ್ತಿತು.

ಅವತ್ತು ರಾತ್ರಿ ಅವನಿಗೆ ಆ ಸರಳಿನ ಕಥೆ ಹೇಳಿದೆ. ಅದರಲ್ಲಿರುವುದು ಹೆಚ್ಚಾಗಿ ಸೀರಿಯಂ ಎಂಬ ಲೋಹದ ಜಾತಿ, ಜೊತೆಗೆ ಕಬ್ಬಿಣ. 1903ರಲ್ಲಿ ಇದನ್ನು ಕಂಡುಹಿಡಿದದ್ದು ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. ಗ್ಯಾಸ್‌ಬತ್ತಿಯ ಮ್ಯಾಂಟಲ್ ಕಂಡುಹಿಡಿದದ್ದೂ ಅದೇ ಮನುಷ್ಯ. ನಮ್ಮ ಸೀಮೆಯ ಬಯಲಾಟ, ಮದುವೆಯ ಮೆರವಣಿಗೆ, ಜಾತ್ರೆಯ ಅಂಗಡಿಸಾಲು ಎಲ್ಲವೂ ಆ ಮ್ಯಾಂಟಲ್ಲಿನ ಬೆಳಕಿನಲ್ಲೇ ನಡೆದವು. ಮ್ಯಾಂಟಲ್ಲಿಗೆ ಬೇಕಾದ ಥೋರಿಯಂ ಮೋನಜೈಟ್ ಎಂಬ ಮರಳಿನಿಂದ ಬರುತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ತಿರುವಾಂಕೂರಿನ ಕಡಲತೀರದಿಂದಲೂ ಆ ಮರಳು ಹಡಗೇರಿ ಯುರೋಪಿಗೆ ಹೋಗುತ್ತಿತ್ತು. ಥೋರಿಯಂ ತೆಗೆದ ಮೇಲೆ ರಾಶಿ ರಾಶಿ ಸೀರಿಯಂ ಉಳಿಯುತ್ತಿತ್ತು, ಅದಕ್ಕೊಂದು ಉಪಯೋಗ ಹುಡುಕಬೇಕಿತ್ತು. ಹುಡುಕಿದಾಗ ಸಿಕ್ಕಿದ್ದು ಈ ಕಿಡಿ. ಸಿಗರೇಟು ಲೈಟರಿನ ಕಲ್ಲು ಎಂದು ನಾವು ಕರೆಯುವುದೂ ಇದನ್ನೇ. ಇಲ್ಲಿ ಉಕ್ಕು ಗಟ್ಟಿ, ಸರಳು ಮೆದು. ಉಕ್ಕು ಕೆರೆದಾಗ ಸರಳಿನ ಪುಡಿ ಗಾಳಿಗೆ ಬಿದ್ದ ಕ್ಷಣವೇ ಉರಿಯುತ್ತದೆ, ಶಾಖ 3,000 ಡಿಗ್ರಿಯ ಆಸುಪಾಸು.

ಮುತ್ಯಾನ ಚಕಮಕಿಯಲ್ಲಿ ಇದು ತಿರುಗುಮುರುಗು. ಅಲ್ಲಿ ಕಲ್ಲು ಗಟ್ಟಿ, ಉಕ್ಕು ಮೆದು. ಕಲ್ಲಿನ ಚೂಪು ಅಂಚು ಉಕ್ಕಿನ ಮೈಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರನ್ನು ಕೆತ್ತಿ ಎಸೆಯುತ್ತದೆ, ಆ ಚೂರೇ ಉರಿದು ಕಿಡಿಯಾಗುತ್ತದೆ. ಕಿಡಿ ಕಲ್ಲಿನದೆಂದು ನಾವು ಹುಡುಗರು ನಂಬಿದ್ದೆವು. ಅದು ಉಕ್ಕಿನದು. ಮಾಮೂಲಿ ಮೆತ್ತನೆಯ ಕಬ್ಬಿಣವಾದರೆ ನಡೆಯದು, ಇಂಗಾಲ ಹೆಚ್ಚಿರುವ ಗಡಸು ಉಕ್ಕೇ ಬೇಕು. ಮುತ್ಯಾನ ಹತ್ತಿರ ಇದ್ದದ್ದು ಕಮ್ಮಾರನ ಸಾಲೆಯಲ್ಲಿ ಮುರಿದುಬಿದ್ದ ಅರದ ತುಂಡು. ಅರಕ್ಕೆ ಕೊಟ್ಟ ಹದ ಬೇರಾವುದಕ್ಕೂ ಇರುವುದಿಲ್ಲ ಎಂದು ಅವನಿಗೆ ಕಮ್ಮಾರ ಹೇಳಿದ್ದನಂತೆ.

ಕಲ್ಲು ಡೋಣಿಯದು. ಡೋಣಿ ನದಿ ಮಹಾರಾಷ್ಟ್ರದ ಕಡೆಯಿಂದ ಕರಿಕಲ್ಲಿನ ಸೀಮೆ ದಾಟಿ ಬರುತ್ತದೆ. ಹಳೆಯ ಲಾವಾ ಆರಿದಾಗ ಅದರೊಳಗೆ ಉಳಿದ ಗುಳ್ಳೆಗಳಲ್ಲಿ ಬೆಣಚು ಜಾತಿಯ ಕಲ್ಲುಗಳು ಕೂಡಿಕೊಂಡವು. ಕರಿಕಲ್ಲು ಸವೆದು ಮಣ್ಣಾದರೂ ಅವು ಸವೆಯದೆ ಹೊಳೆಗೆ ಉರುಳಿ ಬರುತ್ತವೆ. ಹಾಲುಬಿಳಿ, ಜೇನುಬಣ್ಣ, ಕೆಲವಕ್ಕೆ ಗೆರೆ. ಡೋಣಿಯ ನೀರು ಸವುಳು, ಕುಡಿಯಲು ಬಾರದು. ಡೋಣಿ ಹರಿದರೆ ಓಣೆಲ್ಲ ಜೋಳ ಎಂಬ ಮಾತಿದೆಯಲ್ಲ, ಆ ಕಪ್ಪುಮಣ್ಣಿನ ಬಿಳಿಜೋಳ ನಮ್ಮನ್ನು ಸಾಕಿತು. ಹೊರಗಿನವರಿಗೆ ತಾಳಿಕೋಟೆ ಎಂದರೆ 1565ರ ಜನವರಿಯ ಯುದ್ಧ. ಅದು ನಡೆದದ್ದಾದರೂ ಅತ್ತ ಕೃಷ್ಣೆಯ ದಂಡೆಯ ಕಡೆ, ರಕ್ಕಸಗಿ-ತಂಗಡಗಿಯ ಹತ್ತಿರ ಎನ್ನುತ್ತಾರೆ. ನನಗೆ ತಾಳಿಕೋಟೆ ಎಂದರೆ ಡೋಣಿ, ಜೋಳ, ಮತ್ತು ಚಳಿಗಾಲದ ಬೆಂಕಿ.

ಮುತ್ಯಾ ಪ್ರತಿ ವರ್ಷ ಹಿಂಗಾರಿಗೆ ಬರುತ್ತಿದ್ದ. ಜೋಳ ನಿಂತಿರುವತನಕ ಅವನ ಕುರಿ ನಮ್ಮ ಮಡ್ಡಿಯಲ್ಲಿ, ಕೊಯ್ದಾದ ಮೇಲೆ ಹೊಲದಲ್ಲಿ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಅದೇ ಗೊಬ್ಬರ, ಅದಕ್ಕೆ ಅಪ್ಪ ಜೋಳ ಅಳೆದು ಕೊಡುತ್ತಿದ್ದ. ಅವನ ಹೆಗಲ ಮೇಲೆ ಕರಿಕಂಬಳಿ, ಸೊಂಟದಲ್ಲಿ ಚಂಚಿ. ಆ ಬಟ್ಟೆಯ ಚಂಚಿಗೆ ನಾಲ್ಕೈದು ಅರೆ. ಎಲೆಗೊಂದು, ಅಡಿಕೆಗೊಂದು, ತಂಬಾಕಿಗೊಂದು. ಎಲ್ಲಕ್ಕಿಂತ ಒಳಗಿನ ಮೂಲೆಯಲ್ಲಿ ಕಲ್ಲು, ಅರದ ತುಂಡು, ಮುಚ್ಚಳವಿದ್ದ ಬಿದಿರಿನ ಗಿಡ್ಡ ಕೊಳವೆ. ಕೊಳವೆಯಲ್ಲಿ ಅರ್ಧ ಸುಟ್ಟು ಕಪ್ಪಾದ ಹತ್ತಿ.

ಆ ಕಪ್ಪು ಹತ್ತಿಯಲ್ಲೇ ಎಲ್ಲ ಇತ್ತೆಂದು ಈಗ ಹೇಳಬಲ್ಲೆ. ಉಕ್ಕಿನ ಕಿಡಿ ಸಣ್ಣದು, ಬೇಗ ಆರುತ್ತದೆ. ಹಸಿ ಹತ್ತಿಗೆ, ಅಂದರೆ ಸುಡದ ಹತ್ತಿಗೆ ಅದು ಸಾಲದು. ಜವಾರಿ ಹತ್ತಿಯ ಅರಳೆಯನ್ನೋ ಹಳೇ ಧೋತರದ ಚಿಂದಿಯನ್ನೋ ಉರಿಗೆ ಹಿಡಿದು, ಅದು ಕೆಂಪಾಗಿ ಹಬ್ಬುತ್ತಿರುವಾಗಲೇ ಕೊಳವೆಗೆ ತುರುಕಿ ಮುಚ್ಚಳ ಹಾಕಬೇಕು. ಗಾಳಿಯಿಲ್ಲದೆ ಆರಿ ಅದು ಇದ್ದಿಲಾಗಿ ಉಳಿಯುತ್ತದೆ. ಮುಂದಿನ ಸಲ ಅದರ ಮೇಲೆ ಒಂದು ಕಿಡಿ ಬಿದ್ದರೂ ಸಾಕು, ಹಿಡಿದುಕೊಳ್ಳುತ್ತದೆ. ಹೀಗಾಗಿ ಇವತ್ತಿನ ಬೆಂಕಿಯಲ್ಲೇ ನಾಳಿನ ಬೆಂಕಿಗೆ ಸಾಮಾನು ಮಾಡಿಕೊಳ್ಳಬೇಕು. ಮುತ್ಯಾ ಊಟ ಮಾಡುವುದನ್ನು ಮರೆತಾನು, ಇದನ್ನು ಮರೆಯುತ್ತಿರಲಿಲ್ಲ.

ಅವನು ಬೆಂಕಿ ಮಾಡುವುದನ್ನು ಹತ್ತಿರ ಕೂತು ನೋಡಿದ್ದೇನೆ. ಮೂಡಗಾಳಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂರುತ್ತಿದ್ದ. ಬೆಂಕಿ ಬಡಿಯುವ ಮೊದಲೇ ಬೇಕಾದದ್ದೆಲ್ಲ ಬಲಗಡೆ ಸಾಲಾಗಿ ಇರುತ್ತಿತ್ತು. ಅಂಗೈಯಲ್ಲಿ ತಿಕ್ಕಿ ನಾರು ಮಾಡಿದ ಜೋಳದ ಒಣ ರವದಿ. ಎಕ್ಕಿಯ ಕಾಯಿ ಒಡೆದು ತೆಗೆದ ರೇಷ್ಮೆನಾರು. ದಂಟಿನ ಒಳಗಿನ ಬೆಂಡು. ಬೆರಳಿನಿಂದ ಪುಡಿಮಾಡಿದ ಅಡವಿಕುಳ್ಳು. ಅದರಾಚೆ ಹತ್ತಿಕಟಗಿ, ತೊಗರಿಕಟಗಿ, ಕೊನೆಗೆ ಜಾಲಿಯ ಕೊರಡು. ಕಪ್ಪು ಹತ್ತಿಯ ಚೂರನ್ನು ಕಲ್ಲಿನ ಅಂಚಿಗೆ ಸರಿಯಾಗಿ ಇಟ್ಟು ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬಲಗೈಯ ಉಕ್ಕನ್ನು ಮೇಲಿಂದ ಕೆಳಕ್ಕೆ ಸವರಿದ ಹಾಗೆ ಬಡಿಯುತ್ತಿದ್ದ. ಜೋರು ಬೇಕಿರಲಿಲ್ಲ, ಓರೆ ಬೇಕಿತ್ತು. ಕಪ್ಪಿನ ಮೇಲೆ ಸಾಸಿವೆಯಷ್ಟು ಕೆಂಪು ಕಾಣಿಸಿಕೊಂಡರೆ ಅವನ ಅವಸರವೆಲ್ಲ ನಿಂತುಹೋಗುತ್ತಿತ್ತು. ಅದನ್ನು ರವದಿಯ ಗೂಡಿನಲ್ಲಿಟ್ಟು, ಮೇಲೊಂದು ಚಿಟಿಕೆ ಕುಳ್ಳಿನ ಪುಡಿ ಉದುರಿಸಿ, ಎರಡೂ ಕೈಯಲ್ಲಿ ಎತ್ತಿ ಮುಖದ ಮುಂದೆ ಹಿಡಿದು ಉದ್ದನೆಯ ಉಸಿರಿನಲ್ಲಿ ಊದುತ್ತಿದ್ದ. ತೆಳ್ಳನೆಯ ಹೊಗೆ ದಪ್ಪವಾಗಿ, ಹಳದಿಗೆ ತಿರುಗಿ, ಒಮ್ಮೆಗೇ ಉರಿ ಏಳುತ್ತಿತ್ತು. ಆಗ ಕೆಳಗಿಟ್ಟು ಕಟಗಿ ಹಚ್ಚುತ್ತಿದ್ದ.

“ಮುತ್ಯಾ, ಕಡ್ಡಿಪೆಟಿಗಿ ಯಾಕ ತಗೊಳ್ಳೂದಿಲ್ಲ?” ಎಂದು ಕೇಳಿದ್ದೆ.

“ಮಳಿಗಾಲದಾಗ ಕಡ್ಡಿ ಮೆತ್ತಗ ಆಗತಾವು. ಮತ್ತ ಮುಗೀತಾವು. ಕಲ್ಲು ಮುಗಿಯೂದಿಲ್ಲಲೋ.”

ಕಡ್ಡಿಪೆಟ್ಟಿಗೆ ಆಗ ನಮ್ಮ ಕಡೆ ಹೊಸದೇನಲ್ಲ. ಶಿವಕಾಶಿಯ ಷಣ್ಮುಗ ನಾಡಾರ್, ಅಯ್ಯ ನಾಡಾರ್ ಎಂಬ ಇಬ್ಬರು ಕಲ್ಕತ್ತೆಗೆ ಹೋಗಿ ಕೆಲಸ ಕಲಿತು ಬಂದು 1923ರ ಸುಮಾರಿಗೇ ಅಲ್ಲಿ ಕಡ್ಡಿ ಮಾಡಲು ಶುರುಮಾಡಿದ್ದರು. ವಿಮ್ಕೊ ಕಂಪನಿಯ ಪೆಟ್ಟಿಗೆಗಳೂ ಇದ್ದವು. ಆದರೆ ಅಂಗಡಿಯಲ್ಲಿರುವುದು ಬೇರೆ, ಕೈಯಲ್ಲಿ ಕಾಸಿರುವುದು ಬೇರೆ. 2007ರಲ್ಲಿ ಐವತ್ತು ಪೈಸೆಯಿಂದ ಒಂದು ರೂಪಾಯಿಗೆ ಏರಿದ ಪೆಟ್ಟಿಗೆಯ ಬೆಲೆ 2021ರ ಡಿಸೆಂಬರಿನಲ್ಲಿ ಎರಡು ರೂಪಾಯಿ ಆದಾಗ ಪತ್ರಿಕೆಯಲ್ಲಿ ಸುದ್ದಿ ಬಂತು. ಹದಿನಾಲ್ಕು ವರ್ಷ ಬೆಲೆ ಏರದ ವಸ್ತು ಎಂದು ಎಲ್ಲರೂ ಬೆರಗಾದರು. ನಾನು ಚಿಕ್ಕವನಿದ್ದಾಗ ಕಡ್ಡಿ ಎಣಿಸಿ ಗೀಚುವ ಮನೆಗಳಿದ್ದವು. ನಮ್ಮದು ಹೊಲ ಮನೆ ಇದ್ದ ಕುಟುಂಬ, ಆದರೂ ಅವ್ವ ದಿನಾ ಕಡ್ಡಿ ಗೀಚುತ್ತಿರಲಿಲ್ಲ. ರಾತ್ರಿ ಒಲೆಯ ಕೆಂಡವನ್ನು ಬೂದಿಯಡಿ ಹುಗಿದು, ಹಸುಗೂಸಿಗೆ ಕೌದಿ ಹೊಚ್ಚಿದಷ್ಟು ಜಾಗರೂಕತೆಯಿಂದ ಮುಚ್ಚುತ್ತಿದ್ದಳು. ಬೆಳಗ್ಗೆ ಬೂದಿ ಸರಿಸಿ ಕೊಳವೆಯಿಂದ ಊದಿದರೆ ಒಲೆ ಎದ್ದಿತು. ಅದು ಕುಳ್ಳಿನ ಗುಣ. ಕಟ್ಟಿಗೆ ಬೇಗ ಉರಿದು ಬೇಗ ಸಾಯುತ್ತದೆ, ಸಗಣಿ ನಿಧಾನಕ್ಕೆ ಒಳಗೊಳಗೇ ಕಾಯುತ್ತಾ ರಾತ್ರಿ ಕಳೆಯುತ್ತದೆ. ಕುರಿಹಟ್ಟಿಯ ಬೆಂಕಿಯೂ ಹೀಗೇ ತೋಳದ ಭಯಕ್ಕೆ ಬೆಳಗಿನತನಕ ಹೊಗೆಯಾಡುತ್ತಿತ್ತು.

ಈ ಸಗಣಿಯ ಬೆಂಕಿ ನಮ್ಮ ಸೀಮೆಯಲ್ಲಿ ಎಷ್ಟು ಹಳೆಯದೆಂದು ತಿಳಿದದ್ದು ನೌಕರಿಗೆ ಸೇರಿದ ಮೇಲೆ. ನಮ್ಮ ಪಕ್ಕದ ಹುಣಸಗಿ, ಸುರಪುರದ ಕಡೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಟ್ಟಲೆ ನೆಲ ಅಗೆದು ಕೆಲಸ ಮಾಡಿದರು. ಇಸಾಂಪುರದಲ್ಲಿ ಅವರಿಗೆ ಸಿಕ್ಕ ಆದಿಮಾನವರ ಕಲ್ಲಿನ ಕಾರ್ಖಾನೆ ಸುಮಾರು 12 ಲಕ್ಷ ವರ್ಷ ಹಳೆಯದು. ಆ ಜನ ಕೊಡಲಿ ಕೆತ್ತಿದ್ದೂ ನಮ್ಮ ಕಡೆಯದೇ ಸುಣ್ಣದಕಲ್ಲಿನಲ್ಲಿ. ಆಗಿನ ಸುರಪುರ ತಾಲೂಕಿನ ಬೂದಿಹಾಳ, ಕೊಡೇಕಲ್ಲುಗಳಲ್ಲಿ ಅವರು ಅಗೆದದ್ದು ಬೂದಿದಿಬ್ಬಗಳನ್ನು. ಸುಮಾರು 4,000 ವರ್ಷಗಳ ಹಿಂದೆ ದನ ಕುರಿ ಸಾಕುತ್ತಿದ್ದ ಜನ ದೊಡ್ಡಿಯ ಸಗಣಿಯನ್ನು ಒಟ್ಟಿ ಸುಟ್ಟು ಸುಟ್ಟು ಆದ ದಿಬ್ಬಗಳಿವು. ಕೆಲವು ಕಡೆ ಬೂದಿ ಕರಗಿ ಗಾಜಿನ ಗಟ್ಟಿಯಾಗಿದೆ. ಹಿಂದೆ ಇವನ್ನು ರಾಕ್ಷಸರ ಚಿತೆಯ ಬೂದಿ ಎಂದು ಜನ ಹೇಳಿದರು, ಜ್ವಾಲಾಮುಖಿ ಎಂದು ಕೆಲವು ಇಂಗ್ಲಿಷರು ಹೇಳಿದರು. ಸಗಣಿಯೆಂದು ಮೊದಲು ಗುರುತು ಹಿಡಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು. 1957ರಲ್ಲಿ ಉಟ್ನೂರಿನ ದಿಬ್ಬವನ್ನು ಅಗೆದ ಎಫ್. ಆರ್. ಆಲ್ಚಿನ್ ಅದರಲ್ಲಿ ದನದ ಗೊರಸಿನ ಗುರುತುಗಳನ್ನೇ ಕಂಡರು. ಕೊಡೇಕಲ್ಲಿನ ದಿಬ್ಬದ ಮೇಲೆ ನಿಂತಾಗ ನನಗೆ ನೆನಪಾದದ್ದು ನಮ್ಮ ಹಿತ್ತಲಿನ ಬೂದಿಯ ತಿಪ್ಪೆ. ಇಷ್ಟು ಕಾಲ ಒಂದೇ ಬೆಂಕಿಯಲ್ಲಿ ಬದುಕಿದ ನೆಲ ಇದು ಎಂದು ಹೆಮ್ಮೆಯಾಯಿತು.

ಆದರೆ ಹೆಮ್ಮೆಪಟ್ಟು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಚಳಿಗಾಲದ ಆ ಬೆಂಕಿಯ ಸುತ್ತ ಯಾರು ಎಲ್ಲಿ ಕೂತಿದ್ದರು ಎಂಬುದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ.

ಎಳ್ಳಮಾವಾಸ್ಯೆಯ ಆಚೆಗೆ ಜೋಳ ಹಾಲುಗಾಳಿನಿಂದ ಸ್ವಲ್ಪ ಬಲಿತಾಗ ಹೊಲದಲ್ಲಿ ಸೀತನಿ. ಕುಣಿ ತೋಡಿ, ಕುಳ್ಳು ಒಟ್ಟಿ, ಮುತ್ಯಾ ಚಕಮಕಿ ಬಡಿದು ಹಚ್ಚುತ್ತಿದ್ದ. ಉರಿ ಇಳಿದು ಕೆಂಡ ಉಳಿದ ಮೇಲೆ ಹಸಿ ತೆನೆಗಳನ್ನು ಕೆಂಡದೊಳಗೆ ಹುಗಿದು ಹೊರಳಿಸುವುದು. ಮೇಲಿನ ಸಿಪ್ಪೆ ಕರಿಯಾದ ಕೂಡಲೇ ತೆಗೆದು ಗೋಣಿಚೀಲದ ಮೇಲಿಟ್ಟು ಬಡಿಗೆಯಿಂದ ಬಡಿದು, ಮೊರದಲ್ಲಿ ಕೇರಿದರೆ ಹಸಿರು ಕಾಳು ಬಿಸಿಬಿಸಿ. ಅಗಸಿ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಜೋಳ ಕಾಯುತ್ತಿದ್ದ ನಮ್ಮ ಹೊಲದ ಆಳೇ ಕುಣಿ ತೋಡುತ್ತಿದ್ದ, ತೆನೆ ಮುರಿದು ತರುತ್ತಿದ್ದ, ಕೆಂಡದ ಝಳದಲ್ಲಿ ಕೂತು ಹೊರಳಿಸುತ್ತಿದ್ದ. ತಿನ್ನುವ ಹೊತ್ತಿಗೆ ಎದ್ದು ಬದುವಿನಾಚೆ ಹೋಗಿ ಕೂರುತ್ತಿದ್ದ. ಅವನ ಪಾಲನ್ನು ಮುತ್ತುಗದ ಎಲೆಯಲ್ಲಿ ಹಾಕಿ ಅಷ್ಟು ದೂರದಲ್ಲಿ ಇಡುತ್ತಿದ್ದರು. ಊರ ಹೊರಗಿನ ಕೇರಿಯವನು. ಹಾಗೆ ಕೂರು ಎಂದು ಯಾರೂ ಅವನಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಎಲ್ಲ ಓಣಿಯವರೂ ಕುಣಿಯುತ್ತಿದ್ದರು, ಕೆಂಡ ಹಾಯುತ್ತಿದ್ದರು. ಅಲ್ಲಿಂದ ಮನೆಗೆ ಬಂದರೆ ಮತ್ತೆ ಅದೇ ಹೊಸ್ತಿಲು.

ಆ ಆಳಿನ ಹೆಂಡತಿ ಸಂಜೆ ಬೆಂಕಿಗೆಂದು ನಮ್ಮ ಮನೆಗೆ ಬರುತ್ತಿದ್ದಳು. ಕೈಯಲ್ಲಿ ಅರ್ಧ ಮುರಿದ ಕುಳ್ಳು. ಹಿತ್ತಲ ಬಾಗಿಲಲ್ಲಿ ನಿಂತು “ಯವ್ವಾ, ಬೆಂಕಿ” ಎಂದರೆ ಅವ್ವ ಒಲೆಯಿಂದ ಒಂದು ಕೆಂಡ ಇಕ್ಕಳದಲ್ಲಿ ಹಿಡಿದು ತಂದು ಹೊಸ್ತಿಲಾಚೆಯ ಫರಸಿಯ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದಳು. ಆಕೆ ಕೂತು ಕುಳ್ಳಿನ ಅಂಚನ್ನು ಕೆಂಡಕ್ಕೆ ತಾಗಿಸಿ ಊದಿ ಹೊತ್ತಿಸಿಕೊಂಡು, ಸೆರಗಿನ ಮರೆಯಲ್ಲಿ ಗಾಳಿ ತಪ್ಪಿಸಿ ಕೇರಿಯ ದಾರಿ ಹಿಡಿಯುತ್ತಿದ್ದಳು. ಓಣಿಯ ಬೇರೆ ಮನೆಯ ಹೆಣ್ಣುಮಕ್ಕಳೂ ಬೆಂಕಿಗೆ ಬರುತ್ತಿದ್ದರು. ಅವರು ಒಳಗೆ ಬಂದು ಒಲೆಯ ಮುಂದೆ ಕೂತು, ಎರಡು ಮಾತಾಡಿ, ತಾವೇ ಕೆಂಡ ಎತ್ತಿಕೊಂಡು ಹೋಗುತ್ತಿದ್ದರು. ಇನ್ನೊಂದು ಕಟ್ಟುಪಾಡು ಎಲ್ಲರಿಗೂ ಇತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ಬೆಂಕಿ ಹೊರಗೆ ಕೊಡಬಾರದು, ಲಕ್ಷ್ಮಿ ಹೋಗುತ್ತಾಳೆ.

1972ರ ಬರ ಬಂತು. ಡೋಣಿ ಬತ್ತಿ ಬಿಳೀ ಉಪ್ಪಿನ ಪೊರೆ ಕಟ್ಟಿತು. ಬಿತ್ತಿದ್ದು ಹುಟ್ಟಲಿಲ್ಲ, ಸೀತನಿಯ ಮಾತೇ ಇಲ್ಲ. ಸರಕಾರದ ಬರಗಾಲದ ಕಾಮಗಾರಿಗಳು ಶುರುವಾದವು. ನಮ್ಮ ಆಳು, ಅವನ ಹೆಂಡತಿ ಇಬ್ಬರೂ ರಸ್ತೆಯ ಜಲ್ಲಿ ಒಡೆಯಲು ಹೋದರು. ಕೆಲಸದ ಜಾಗ ದೂರ, ಆಕೆ ಬರುವುದರೊಳಗೆ ನಮ್ಮ ಮನೆಯಲ್ಲಿ ದೀಪ ಹಚ್ಚಿಯಾಗಿರುತ್ತಿತ್ತು. ಬಾಗಿಲಲ್ಲಿ ನಿಂತು ಕೇಳಿದರೆ ಅವ್ವ, “ದೀಪ ಹಚ್ಚೇವಲ್ಲವಾ, ಇನ್ನ ಹೆಂಗ ಕೊಡೂದು?” ಎನ್ನುತ್ತಿದ್ದಳು. ಅವ್ವ ಕೆಟ್ಟ ಮನಸ್ಸಿನಾಕೆ ಅಲ್ಲ. ಆ ವರ್ಷ ನಮ್ಮ ಹಗೇವಿನ ಜೋಳ ಎಷ್ಟೋ ಮನೆಗೆ ಹೋಯಿತು, ಕೇರಿಗೂ ಹೋಯಿತು. ಜೋಳ ಕೊಟ್ಟಳು, ಬೆಂಕಿ ಕೊಡಲಿಲ್ಲ. ಹಿಟ್ಟಿದ್ದೂ ರೊಟ್ಟಿ ಬಡಿಯಲಾಗದ ರಾತ್ರಿಗಳು ಆ ಮನೆಯಲ್ಲಿ ಎಷ್ಟಾದವೋ. ಈ ಮಾತನ್ನು ಬರೆಯದೆ ಆ ಕಾಲದ ಬೆಂಕಿಯ ಸೊಗಸನ್ನಷ್ಟೇ ಬರೆದರೆ ಅದು ಸುಳ್ಳಾಗುತ್ತದೆ.

ಮುತ್ಯಾ ಮೇವು ಹುಡುಕಿಕೊಂಡು ಕೃಷ್ಣೆಯ ದಂಡೆಗೆ ಕುರಿ ಹೊಡೆದುಕೊಂಡು ಹೊರಟ ದಿನ ಅಪ್ಪನಿಗೆ ಹೇಳಿಹೋಗಲು ಹೊಲಕ್ಕೆ ಬಂದ. ಅಪ್ಪ ಇರಲಿಲ್ಲ, ನಾನಿದ್ದೆ, ಬದುವಿನ ಮೇಲೆ ಆಳು ಕೂತಿದ್ದ. ಇಬ್ಬರೂ ಬಹಳ ಹೊತ್ತು ಸಣ್ಣ ದನಿಯಲ್ಲಿ ಮಾತಾಡಿದರು. ಆಮೇಲೆ ಮುತ್ಯಾ ಚಂಚಿ ಬಿಚ್ಚಿ ಅರದ ತುಂಡನ್ನೂ ಕೊಳವೆಯನ್ನೂ ತೆಗೆದು ಆಳಿನ ಅಂಗೈಯಲ್ಲಿ ಇಟ್ಟ. ಕಲ್ಲನ್ನೂ ಇಟ್ಟ. “ಕಲ್ಲು ಸವದರ ಡೋಣ್ಯಾಗ ಬೇಕಾದಷ್ಟ ಅದಾವು” ಎಂದ. ಹತ್ತಿ ಸುಡುವುದು ಹೇಗೆಂದು ಎರಡು ಸಲ ಹೇಳಿಕೊಟ್ಟ. ಕುರಿ ಮುಂದೆ ಹೋಗಿದ್ದವು, ಕಂಬಳಿ ಕೊಡವಿ ಎದ್ದು ನಡೆದ. ಮರುವರ್ಷ ಬರಲಿಲ್ಲ. ಆಮೇಲೂ ಬರಲಿಲ್ಲ. ಅವನ ಮಂದಿ ಯಾರೋ, ಯಾವ ಊರೋ, ಕೇಳಿ ಇಟ್ಟುಕೊಂಡವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಹುಡುಗನಾಗಿದ್ದ ನನಗೆ ಅವತ್ತು ಬಂದದ್ದು ಸಿಟ್ಟು. ಅಷ್ಟು ದಿನ ಹಿಂದೆ ಹಿಂದೆ ತಿರುಗಿದವನು ನಾನು, ಚಕಮಕಿ ಸಿಕ್ಕಿದ್ದು ಅವನಿಗೆ. ಆ ಕಲ್ಲು, ಆ ಕಿಡಿ ನನಗೆ ಆಟದ ಬೆರಗು. ಬಾಗಿಲಲ್ಲಿ ನಿಂತು ಕೇಳಬೇಕಾದ ಮಂದಿಗೆ ಅದು ಬೇರೆಯೇ ಆಗಿತ್ತು ಎಂಬುದು ಹೊಳೆಯಲು ಅರ್ಧ ಆಯುಷ್ಯ ಬೇಕಾಯಿತು. ಅಡವಿಯಲ್ಲಿ ಮಲಗುವ ಕುರಿಗಾರನಿಗೆ ಬೆಂಕಿ ಕೇಳಲು ಬಾಗಿಲೇ ಇಲ್ಲ. ಕೇರಿಯವರಿಗೆ ಬಾಗಿಲಿದ್ದೂ ಹೊಸ್ತಿಲಾಚೆ. ಬಾಗಿಲಿಲ್ಲದವನು ತನ್ನ ಹತ್ತಿರ ಇದ್ದದ್ದನ್ನು ಕೊಟ್ಟು ಹೋದ.

ಈಗ ಎಲ್ಲ ಬದಲಾಗಿದೆ, ಬದಲಾದದ್ದರಲ್ಲಿ ಬಹಳಷ್ಟಕ್ಕೆ ನನಗೆ ಸಂತೋಷವಿದೆ. ಅವ್ವನ ಕಣ್ಣು ಹಾಳಾದದ್ದರಲ್ಲಿ ಒಲೆಯ ಹೊಗೆಯ ಪಾಲೂ ಇರಬೇಕು ಎಂದೇ ನನ್ನ ಅನುಮಾನ. ಗ್ಯಾಸ್ ಬಂದ ದಿನ ಆಕೆ ಲೈಟರ್ ಒತ್ತಿ ಒತ್ತಿ ನೋಡಿದ್ದು ನೆನಪಿದೆ. 2016ರ ಉಜ್ವಲಾ ಯೋಜನೆಯ ಮೇಲೆ ಕೇರಿಯಲ್ಲೂ ಸಿಲಿಂಡರುಗಳು ಬಂದವು, ತುಂಬಿಸುವ ದುಡ್ಡು ಹೊಂದಿಸುವುದು ಈಗಲೂ ಕಷ್ಟ. ಕುರಿಗಾರರ ಚಂಚಿಯ ಜಾಗದಲ್ಲಿ ಲೈಟರ್, ಮೊಬೈಲು. ತಾಳಿಕೋಟೆ ತಾಲೂಕಾಯಿತು, ಆಚೆ ನಾರಾಯಣಪುರದ ಕಾಲುವೆಯಿಂದ ಹುಣಸಗಿಯ ಕಡೆ ಬತ್ತ ಬಂತು. ಬಿಳಿಜೋಳ ಬಿತ್ತುವವರು ಕಡಿಮೆಯಾದರು, ಸೀತನಿ ಈಗ ಪಟ್ಟಣಗಳಲ್ಲಿ ಟಿಕೆಟ್ ಕೊಟ್ಟು ತಿನ್ನುವ ತಿನಿಸಾಗಿದೆ. ಹುಡುಗ ತಂದ ಫೈರ್‌ಸ್ಟೀಲ್ ಒಳ್ಳೆಯ ಸಾಧನ. ಅವನಿಗೆ ನಾನು ಕಪ್ಪುಹತ್ತಿ ಮಾಡುವುದನ್ನು, ಎಕ್ಕಿಯ ನಾರು ಬಿಡಿಸುವುದನ್ನು ತೋರಿಸಿಕೊಟ್ಟೆ. ಕಿಡಿ ಎಷ್ಟು ದೊಡ್ಡದಿದ್ದರೂ ಒಣಗಿದ್ದು ಯಾವುದು, ಹಿಡಿಯುವುದು ಯಾವುದು ಎಂಬ ತಿಳಿವಳಿಕೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅವನು ಆಸೆಯಿಂದ ಕಲಿತ.

ಅವನು ಬೆಂಗಳೂರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಅವ್ವನನ್ನು ಕೇಳಿದೆ, ಬೆಂಕಿಗೆ ಬರುತ್ತಿದ್ದ ಆ ಹೆಣ್ಣುಮಗಳು ನೆನಪಿದ್ದಾಳೇನು ಎಂದು.

“ನೆನಪಿಲ್ಲದೇನು? ನಿನ್ನ ತಂಗಿ ಹುಟ್ಟಿದಾಗ ಹುರಿ ಕೊಯ್ದಾಕಿ ಅಕೀನ. ಬರಗಾಲದಾಗ ಅಕಿ ಬೆಂಕಿಗೆ ಬರೂದ ಬಿಟ್ಟಳು. ಕಡ್ಡಿಪೆಟಿಗಿ ಕೊಳ್ಳಾಕತ್ತಿರಬೇಕು ಅಂದ್ಕೊಂಡಿದ್ದೆ.”

ಚಕಮಕಿಯ ವಿಷಯ ಹೇಳಿದೆ. ಅವ್ವ ಬಹಳ ಹೊತ್ತು ಏನೂ ಅನ್ನಲಿಲ್ಲ. “ನನಗ ಗೊತ್ತಿದ್ದಿಲ್ಲ” ಎಂದಳು. ಸ್ವಲ್ಪ ತಡೆದು, “ಹಂಗ ಮಾಡಬಾರದಿತ್ತು ನಾವು” ಎಂದಳು.

ಆ ಹೆಣ್ಣುಮಗಳ ಮಗ ಸಾಲಿ ಮಾಸ್ತರರಾಗಿ ನಿವೃತ್ತರಾಗಿದ್ದಾರೆ, ಪಿಂಚಣಿಗೆಂದು ಬ್ಯಾಂಕಿಗೆ ಬಂದಾಗ ಆಗಾಗ ಸಿಗುತ್ತಾರೆ. ಮೊನ್ನೆ ಚಹಾದಂಗಡಿಯಲ್ಲಿ ಅಕ್ಕಪಕ್ಕ ಕೂತಾಗ ಆ ಅರದ ತುಂಡು ಏನಾಯಿತು ಎಂದು ಕೇಳಿದೆ. ಅವರಿಗೆ ಆಶ್ಚರ್ಯವಾಯಿತು, ನನಗೆ ಅದು ಗೊತ್ತಿರಬಹುದೆಂದು ಅವರು ಎಣಿಸಿರಲಿಲ್ಲ.

“ಸವದು ಸವದು ಬೆರಳಷ್ಟ ಆಗಿತ್ತರೀ ಸರ. ನಮ್ಮಪ್ಪನ ಕೂಡ ಮಣ್ಣಿಗೆ ಇಟ್ಟೇವಿ” ಎಂದರು. ಚಹಾ ಕುಡಿದು ಮುಗಿಸಿ ಕಪ್ಪು ಕೆಳಗಿಟ್ಟು ತಾವಾಗಿಯೇ ಮಾತು ಮುಂದುವರಿಸಿದರು. “ಬರಗಾಲದ ವರ್ಷ ನಮ್ಮ ಓಣ್ಯಾಗ ಎಲ್ಲಾರೂ ನಮ್ಮವ್ವನ ಹಂತ್ಯಾಕ ಬೆಂಕಿಗೆ ಬರತಿದ್ರರೀ. ಕತ್ತಲಾದ ಮ್ಯಾಲೂ ಬರತಿದ್ರು, ನಡುರಾತ್ರಿನೂ ಬರತಿದ್ರು. ಅಕಿ ಯಾರಿಗೂ ಇಲ್ಲ ಅಂದಿಲ್ಲ. ಮತ್ತ ಕೆಳಗ ಇಡತಿದ್ದಿಲ್ಲರೀ, ಕುಳ್ಳಿಗೆ ಹಚ್ಚಿ ಕೈಯಾಗ ಕೊಡತಿದ್ಲು.”